ಎರಡು ದಿನದ ತರಬೇತಿ ಆರು ತಿಂಗಳಲ್ಲಿ ಮರೆತುಹೋದರೆ: ಹೆರಿಗೆ ಕೋಣೆಯಲ್ಲೇ ಕೈ ಪಳಗಿಸುವುದು ಹೇಗೆ?

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗದ ಹಿರಿಯ ಶುಶ್ರೂಷಾಧಿಕಾರಿ. ತಿಂಗಳಿಗೆ ಸುಮಾರು 60 ಹೆರಿಗೆ ಆಗುತ್ತವೆ. ಎಂಟು ಜನ ಸಿಸ್ಟರ್‌ಗಳು ಪಾಳಿಯ ಮೇಲಿದ್ದೇವೆ. ಎಲ್ಲರಿಗೂ ಜಿಲ್ಲಾ ಕೇಂದ್ರದಲ್ಲಿ ಎರಡು ದಿನದ ನವಜಾತ ಶಿಶು ಸುರಕ್ಷಾ ತರಬೇತಿ ಆಗಿದೆ, ಪ್ರಮಾಣಪತ್ರವೂ ಇದೆ. ಆದರೂ ಮಗು ಅಳದೆ ಹುಟ್ಟಿದಾಗ ಒಬ್ಬರು ಡಾಕ್ಟರಿಗೆ ಫೋನ್ ಹಚ್ಚುತ್ತಾರೆ, ಒಬ್ಬರು ಮಾಸ್ಕ್ ಹುಡುಕುತ್ತಾರೆ, ಇನ್ನೊಬ್ಬರು ಮಗುವಿನ ಬೆನ್ನು ಉಜ್ಜುತ್ತಲೇ ಇರುತ್ತಾರೆ. ಬಾಣಂತಿಗೆ ರಕ್ತಸ್ರಾವವಾದಾಗ, ಫಿಟ್ಸ್ ಬಂದಾಗಲೂ ಇದೇ ಗಡಿಬಿಡಿ. ಮತ್ತೊಮ್ಮೆ ತರಬೇತಿಗೆ ಬರೆಯಬೇಕೆ? ಆಫ್ರಿಕದ ಕೆಲವು ದೇಶಗಳಲ್ಲಿ ಬೇರೆ ಪದ್ಧತಿ ಇದೆಯಂತೆ, ಅದು ನಮ್ಮಲ್ಲಿ ನಡೆಯುತ್ತದೆಯೆ?

ಉತ್ತರ: ಮತ್ತೊಂದು ಎರಡು ದಿನದ ತರಬೇತಿಗೆ ಬರೆಯಬೇಡಿ. ತಾನಾಗಿ ಬಂದರೆ ಹೋಗಿಬನ್ನಿ, ಆದರೆ ನೀವು ಹೇಳುತ್ತಿರುವ ತೊಂದರೆ ಅದರಿಂದ ಹೋಗುವಂಥದ್ದಲ್ಲ. ನಿಮ್ಮ ಸಿಸ್ಟರ್‌ಗಳಿಗೆ ಏನು ಮಾಡಬೇಕೆಂದು ಗೊತ್ತಿದೆ, ಬಾಯಲ್ಲಿ ಕೇಳಿದರೆ ಹೇಳುತ್ತಾರೆ. ರೂಢಿ ತಪ್ಪಿರುವುದು ಕೈಗೆ.

ಲೆಕ್ಕ ಹಾಕಿ ನೋಡಿ. ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡುತ್ತವೆ. ಇನ್ನೊಂದು ಹತ್ತು, ಮೈ ಒರೆಸಿ ಬೆನ್ನು ಸವರಿದರೆ ಉಸಿರಾಡುತ್ತವೆ. ಬ್ಯಾಗ್ ಮತ್ತು ಮಾಸ್ಕ್ (ಮುಖಕ್ಕೆ ಮುಚ್ಚಿ, ಕೈಯಿಂದ ಹಿಸುಕಿ ಗಾಳಿ ಕೊಡುವ ಸಾಧನ) ಬೇಕಾಗುವುದು ಸುಮಾರು ಐದು ಮಕ್ಕಳಿಗೆ. ಕೊಳವೆ ಹಾಕುವುದು, ಎದೆ ಒತ್ತುವುದು, ಔಷಧಿ ಕೊಡುವುದು ನೂರಕ್ಕೆ ಒಂದಕ್ಕೂ ಬೇಕಾಗುವುದಿಲ್ಲ. ಅಂದರೆ ನಿಮ್ಮ 60 ಹೆರಿಗೆಯಲ್ಲಿ ತಿಂಗಳಿಗೆ ಮೂರು ಮಕ್ಕಳಿಗೆ ಬ್ಯಾಗ್ ಹಿಡಿಯಬೇಕು. ಎಂಟು ಜನಕ್ಕೆ ಹಂಚಿದರೆ ಒಬ್ಬರ ಪಾಲಿಗೆ ಹೆಚ್ಚುಕಡಿಮೆ ಮೂರು ತಿಂಗಳಿಗೊಮ್ಮೆ. ಅದೂ ಸಮನಾಗಿ ಹಂಚಿಕೆಯಾದರೆ ಮಾತ್ರ. ಧೈರ್ಯ ಇರುವ ಒಬ್ಬಿಬ್ಬರೇ ಪ್ರತಿಸಲ ಮುಂದೆ ಬರುವುದರಿಂದ ಉಳಿದವರಿಗೆ ವರ್ಷಗಟ್ಟಲೆ ಬ್ಯಾಗ್ ಮುಟ್ಟುವ ಸಂದರ್ಭವೇ ಬರುವುದಿಲ್ಲ. ನಿಜವಾದ ಹೆರಿಗೆಗಳನ್ನೇ ಅಭ್ಯಾಸ ಎಂದು ನಂಬಿಕೊಂಡರೆ ಕೈ ಪಳಗುವುದಿಲ್ಲ ಎನ್ನುವುದಕ್ಕೆ ಈ ಲೆಕ್ಕ ಸಾಕು.

ನೀವು ಕೇಳಿರುವ ಆಫ್ರಿಕದ ಪದ್ಧತಿ ಪ್ರಾಯಶಃ ಟಾಂಜಾನಿಯದ್ದು. ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿಯನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಹೊರತಂದಿತು. ಬಡ ದೇಶಗಳ ಹೆರಿಗೆ ಕೋಣೆಗಳಿಗೆಂದೇ ಹೊಸೆದದ್ದು: ಚಿತ್ರಗಳಿರುವ ಒಂದು ನಕ್ಷೆ, ನೀರು ತುಂಬಿಸುವ ಗೊಂಬೆ, ಬ್ಯಾಗ್, ಮಾಸ್ಕ್. ಟಾಂಜಾನಿಯದ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಜಾರಿ ಮಾಡಿದ ಮೇಲೆ ಹುಟ್ಟಿದ ಮೊದಲ 24 ಗಂಟೆಯೊಳಗಿನ ಶಿಶುಮರಣ ಶೇ. 47ರಷ್ಟು ಇಳಿಯಿತು ಎಂಬ ವರದಿ 2013ರಲ್ಲಿ ಬಂತು. ಎಲ್ಲರೂ ಹೇಳುವುದು ಈ ಸಂಖ್ಯೆಯನ್ನು. ನಿಮಗೆ ಉಪಯೋಗಕ್ಕೆ ಬರುವುದು ಅದೇ ದೇಶದ ಹಾಯ್ಡಮ್ ಎಂಬ ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಆದದ್ದು. ಅಲ್ಲಿ ಒಂದು ದಿನದ ತರಬೇತಿ ಕೊಟ್ಟು ಏಳು ತಿಂಗಳ ಮೇಲೆ ನೋಡಿದರು. ಗೊಂಬೆಯ ಮೇಲೆ ಸಿಬ್ಬಂದಿ ಚೆನ್ನಾಗಿಯೇ ಮಾಡಿ ತೋರಿಸಿದರು. ನಿಜವಾದ ಮಕ್ಕಳ ಆರೈಕೆಯಲ್ಲಿ ಮಾತ್ರ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ನಿಮ್ಮ ಆಸ್ಪತ್ರೆಯ ಸ್ಥಿತಿಯೂ ಇದೇ.

ಆಮೇಲೆ ಅವರು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಗೊಂಬೆಯನ್ನು ಹೆರಿಗೆ ಕೋಣೆಗೇ ತಂದಿಟ್ಟರು. ವಾರಕ್ಕೊಮ್ಮೆ ಮೂರರಿಂದ ಐದು ನಿಮಿಷ ಅಭ್ಯಾಸ, ತಿಂಗಳಿಗೊಮ್ಮೆ 40 ನಿಮಿಷದ ಮರುತರಬೇತಿ. ನಡೆಸಿದವರು ಹೊರಗಿನ ತಜ್ಞರಲ್ಲ, ಅದೇ ಆಸ್ಪತ್ರೆಯ ಆಸಕ್ತ ಸಿಬ್ಬಂದಿ. ಮೊದಲ 24 ಗಂಟೆಯ ಮರಣ ಸಾವಿರ ಜನನಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಇದೇ ಬಗೆಯ ಅಭ್ಯಾಸವನ್ನು ಇನ್ನಷ್ಟು ಸಲಕರಣೆಗಳ ಜೊತೆ ಸೇರಿಸಿ ಟಾಂಜಾನಿಯದ 30 ಆಸ್ಪತ್ರೆಗಳಲ್ಲಿ ನಡೆಸಿದ ಕಾರ್ಯಕ್ರಮದ ಫಲ 2025ರಲ್ಲಿ ಪ್ರಕಟವಾಯಿತು. ಅಲ್ಲಿ ಹೆರಿಗೆಯ ಆಸುಪಾಸಿನ ಶಿಶುಮರಣ ಸಾವಿರಕ್ಕೆ 15.3ರಿಂದ 12.5ಕ್ಕೆ ಬಂದಿದೆ.

ಆದ್ದರಿಂದ ಮೊದಲ ಕೆಲಸ: ಗೊಂಬೆಯನ್ನು ಬೀಗದ ಬೀರುವಿನಿಂದ ಹೊರಗೆ ತೆಗೆಯಿರಿ. ಸ್ಟಾಕ್ ರಿಜಿಸ್ಟರಿನಲ್ಲಿ ಹೆಸರಿರುವ ವಸ್ತು ಕಳೆದರೆ ತಮ್ಮ ತಲೆಗೆ ಬರುತ್ತದೆಂದು ಒಳಗಿಟ್ಟು ಬೀಗ ಹಾಕಿರುತ್ತಾರೆ, ಕೀಲಿ ರಜೆಯ ಮೇಲಿರುವವರ ಹತ್ತಿರ ಇರುತ್ತದೆ. ವೈದ್ಯಾಧಿಕಾರಿಯಿಂದ ಒಂದು ಸಾಲು ಬರೆಸಿಕೊಂಡು ಅದನ್ನು ಹೆರಿಗೆ ಕೋಣೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ. ಗೊಂಬೆಗೆ ಸುಮಾರು ಎರಡು ಲೀಟರ್ ಉಗುರುಬೆಚ್ಚನೆಯ ನೀರು ತುಂಬಿಸಿ. ಆಗಷ್ಟೇ ಅದಕ್ಕೆ ಮಗುವಿನ ತೂಕ ಬರುತ್ತದೆ, ಕತ್ತು ಹಿಡಿಯದ ಮಗುವಿನ ಹಾಗೆ ತಲೆ ವಾಲುತ್ತದೆ. ಗಾಳಿ ತುಂಬಿಸಿದ ಹಗುರ ಗೊಂಬೆಯ ಮೇಲೆ ಕಲಿತ ಕೈಗೆ ನಿಜವಾದ ಮಗುವಿನ ಭಾರ, ಜಾರಿಕೆ ಎರಡೂ ಹೊಸತಾಗುತ್ತವೆ.

ಅಭ್ಯಾಸಕ್ಕೆ ಮುಂಚೆ ಬ್ಯಾಗ್ ನೋಡಿಕೊಳ್ಳಬೇಕು. ಎಷ್ಟೋ ಕಡೆ ಸಿಬ್ಬಂದಿಗೆ ಬರುವುದಿಲ್ಲ ಎಂದು ಬೈಸಿಕೊಳ್ಳುವ ತಪ್ಪು ಬ್ಯಾಗಿನದ್ದೇ ಆಗಿರುತ್ತದೆ. ನವಜಾತ ಶಿಶುವಿನ ಬ್ಯಾಗ್ 240ರಿಂದ 500 ಮಿ.ಲೀ. ಗಾತ್ರದ್ದು. ದೊಡ್ಡವರ ಬ್ಯಾಗ್ ತಂದಿಟ್ಟಿದ್ದರೆ ಇವತ್ತೇ ತೆಗೆಯಿರಿ. ಮಾಸ್ಕ್ ದುಂಡಗಿನದು: ದಿನ ತುಂಬಿದ ಮಗುವಿಗೆ 1ನೇ ಅಳತೆ, ದಿನ ತುಂಬದ್ದಕ್ಕೆ 0. ಅಂಚು ಗದ್ದದ ತುದಿ, ಬಾಯಿ, ಮೂಗನ್ನು ಮುಚ್ಚಬೇಕು, ಕಣ್ಣಿನ ಮೇಲೆ ಬರಬಾರದು. ಪ್ರತಿ ಪಾಳಿಯ ಆರಂಭದಲ್ಲಿ ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಸುಕಿ. ಅಂಗೈಗೆ ಒತ್ತಡ ತಾಗಬೇಕು. ಇನ್ನೂ ಜೋರಾಗಿ ಹಿಸುಕಿದರೆ ಸುರಕ್ಷತಾ ಕವಾಟದಿಂದ ಬುಸ್ ಎಂದು ಗಾಳಿ ಹೊರಬೀಳಬೇಕು. ಕೈ ಬಿಟ್ಟ ತಕ್ಷಣ ಬ್ಯಾಗ್ ಉಬ್ಬಬೇಕು. ಒತ್ತಡವೇ ತಾಗದಿದ್ದರೆ ಬ್ಯಾಗ್ ಹರಿದಿದೆ, ಇಲ್ಲವೇ ಬಾತುಕೋಳಿ ಕೊಕ್ಕಿನ ಆಕಾರದ ಒಳಗಿನ ಕವಾಟ ತೊಳೆದ ಮೇಲೆ ತಿರುಗುಮುರುಗಾಗಿ ಕೂತಿದೆ. ಒದ್ದೆ ಇರುವಾಗಲೇ ಜೋಡಿಸಿದರೆ ಅದರ ಎರಡು ತುಟಿ ಅಂಟಿಕೊಳ್ಳುತ್ತವೆ, ಬುಸ್ ಎನ್ನುವ ಗಾಳಿಯೆಲ್ಲ ಮಗುವಿಗೆ ಹೋಗುತ್ತಿದೆ ಎಂದು ನಾವು ಭಾವಿಸಿರುತ್ತೇವೆ. ಬಿಡಿಸಿ, ಸೋಪಿನಲ್ಲಿ ತೊಳೆದು, ಸೋಂಕು ನಿವಾರಿಸಿ, ಪೂರಾ ಒಣಗಿಸಿ, ಜೋಡಿಸಿದ ಮೇಲೆ ಮತ್ತೆ ಅಂಗೈ ಪರೀಕ್ಷೆ ಮಾಡಿ. ಸಿಲಿಕೋನ್ ಬ್ಯಾಗುಗಳನ್ನು ಕುದಿಸಬಹುದು, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೋಂಕು ನಿವಾರಣೆ) ಮಾಡಬಹುದು. ಪಿವಿಸಿ ಬ್ಯಾಗ್ ಆಟೋಕ್ಲೇವಿನಲ್ಲಿ ಸೊಟ್ಟಗಾಗುತ್ತದೆ. ಬಾಯಿ ಬಿಚ್ಚಲು ಬಾರದ, ಕೊಳೆ ಹೀರುವ ರಬ್ಬರ್ ಬಲ್ಬ್ ಸಕ್ಕರನ್ನು ಒಳಗೆ ತೊಳೆಯಲಾಗುವುದಿಲ್ಲ, ಒಂದೇ ಮಗುವಿಗೆ ಬಳಸಿ ಬಿಸಾಡಿ.

ಈಗ ಐದು ನಿಮಿಷದ ಅಭ್ಯಾಸ. ಪಾಳಿ ಬದಲಾಗುವ ಹೊತ್ತು ಇದಕ್ಕೆ ಸರಿ, ಏಕೆಂದರೆ ಇಬ್ಬರು ಇದ್ದೇ ಇರುತ್ತಾರೆ. ಒಬ್ಬರು ಹೆರಿಗೆ ಮಾಡಿಸುವವರು, ಮತ್ತೊಬ್ಬರು ಗೊಂಬೆಯನ್ನು ಆಡಿಸುವವರು ಮತ್ತು ಗಡಿಯಾರ ನೋಡುವವರು. ಗೊಂಬೆಯಲ್ಲಿ ಮೂರು ಸಂಗತಿ ಆಡಿಸಬಹುದು: ಅಳು, ಎದೆಯ ಏರಿಳಿತ, ಹೊಕ್ಕುಳಬಳ್ಳಿಯ ಮಿಡಿತ. ‘ಮಗು ಹುಟ್ಟಿತು’ ಎಂದ ಕೂಡಲೇ ಗಡಿಯಾರ ಶುರು. ಫ್ಯಾನ್ ಆರಿಸಿದ್ದಾರೆಯೆ, ಎರಡು ಒಣ ಬಟ್ಟೆ ಇದೆಯೆ ಎಂಬುದನ್ನು ಇದಕ್ಕೂ ಮುಂಚೆ ನೋಡಿಕೊಳ್ಳಿ. ಕೋಣೆ ಕನಿಷ್ಠ 25 ಡಿಗ್ರಿ ಇರಬೇಕು. ನಿಮ್ಮ ಕಡೆಯ ಬೇಸಿಗೆಯಲ್ಲಿ ಹೆರಿಗೆ ಟೇಬಲಿನ ಮೇಲೆಯೇ ತಿರುಗುವ ಫ್ಯಾನ್ ಒದ್ದೆ ಮಗುವನ್ನು ಎಷ್ಟು ಬೇಗ ತಣ್ಣಗೆ ಮಾಡುತ್ತದೆ ಎಂಬುದು ಸೆಖೆಯಲ್ಲಿ ಬೆವರುತ್ತಿರುವ ನಮ್ಮ ಲಕ್ಷ್ಯಕ್ಕೆ ಬರುವುದಿಲ್ಲ.

ಮೊದಲ 20 ಸೆಕೆಂಡು ಒರೆಸುವುದಕ್ಕೆ: ತಲೆ, ಮೈ, ಕೈಕಾಲು, ಆಮೇಲೆ ಒದ್ದೆ ಬಟ್ಟೆ ಆಚೆ. ಒರೆಸುವುದೇ ಪ್ರಚೋದನೆ. ಅಳಲಿಲ್ಲವೆ? ತಲೆಯನ್ನು ಸ್ವಲ್ಪ ಹಿಂದಕ್ಕೆ ಸರಿಪಡಿಸಿ, ಕೊಳೆ ಕಂಡರೆ ಮಾತ್ರ ಮೊದಲು ಬಾಯಿ ಆಮೇಲೆ ಮೂಗು ಸಕ್ಷನ್, ಬೆನ್ನು ಎರಡು ಮೂರು ಸಲ ಮೇಲೆ ಕೆಳಗೆ ಸವರಿ. ಇಷ್ಟರಲ್ಲಿ ಅರ್ಧ ನಿಮಿಷ ಆಗಿರುತ್ತದೆ. ಇನ್ನೂ ಉಸಿರಿಲ್ಲದಿದ್ದರೆ ಅಥವಾ ಏದುಸಿರು ಎಳೆಯುತ್ತಿದ್ದರೆ ಬಳ್ಳಿ ಕಟ್ಟಿ ಕತ್ತರಿಸಿ ಬ್ಯಾಗ್ ಹಿಡಿಯಿರಿ. ಒಂದು ನಿಮಿಷ ಮುಗಿಯುವುದರೊಳಗೆ ಮೊದಲ ಉಸಿರು ಒಳಗೆ ಹೋಗಿರಬೇಕು. ಇದೇ ಗೋಲ್ಡನ್ ಮಿನಿಟ್. ಹಾಯ್ಡಮ್‌ನಲ್ಲೇ ಮಾಡಿದ ಅಧ್ಯಯನದಲ್ಲಿ, ಬ್ಯಾಗ್ ಶುರು ಮಾಡುವುದು 30 ಸೆಕೆಂಡು ತಡವಾದ ಹಾಗೆಲ್ಲ ಮಗು ಸಾಯುವ ಅಥವಾ ಹೆಚ್ಚು ದಿನ ದಾಖಲಾಗಿರಬೇಕಾದ ಅಪಾಯ ಶೇ. 16ರಷ್ಟು ಏರುತ್ತ ಹೋದದ್ದು ಕಂಡುಬಂತು. ಹಾಗಾಗಿ ಒಂದು ನಿಮಿಷದ ಅಪ್ಗಾರ್ (ಹುಟ್ಟಿದ ಮಗುವಿನ ಸ್ಥಿತಿಗೆ ಕೊಡುವ ಅಂಕ) ನೋಡಿ ತೀರ್ಮಾನಿಸೋಣ ಎಂದು ಕಾಯುವವರು ಈಗಾಗಲೇ ತಡವಾಗಿದ್ದಾರೆ.

ಎಲ್ಲಿ ತಪ್ಪುತ್ತಾರೆ? ಅತಿ ಹೆಚ್ಚು ಹೊತ್ತು ಹಾಳಾಗುವುದು ಉಜ್ಜುವುದರಲ್ಲಿ ಮತ್ತು ಸಕ್ಷನ್ನಿನಲ್ಲಿ. ಎರಡೂ ಕೈಗೆ ಸುಲಭ, ಏನೋ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಗಂಟಲ ಆಳಕ್ಕೆ ಕೊಳವೆ ಬಿಟ್ಟರೆ ಮಗುವಿನ ಹೃದಯಬಡಿತ ಇನ್ನಷ್ಟು ನಿಧಾನವಾಗುತ್ತದೆ. ಆಮೇಲಿನದು ಆಕ್ಸಿಜನ್ ಸಿಲಿಂಡರಿಗೆ ಪೈಪ್ ಹಚ್ಚಲು ಓಡುವುದು. ದಿನ ತುಂಬಿದ ಮಗುವಿಗೆ ಕೋಣೆಯ ಗಾಳಿಯಿಂದಲೇ ಶುರು ಮಾಡಬೇಕು, ಸಿಲಿಂಡರ್ ಕಾಯಬಹುದು. ಮೂರನೆಯದು ಹಿಡಿತ. ಹೆಬ್ಬೆರಳು ತೋರುಬೆರಳು ಮಾಸ್ಕಿನ ಮೇಲೆ ಉಂಗುರದಂತೆ, ಉಳಿದ ಮೂರು ಬೆರಳು ದವಡೆಯ ಮೂಳೆಯ ಕೆಳಗೆ. ಮಾಸ್ಕನ್ನು ಮುಖಕ್ಕೆ ಒತ್ತುವುದಕ್ಕಿಂತ ದವಡೆಯನ್ನು ಮಾಸ್ಕಿಗೆ ಎತ್ತಿಕೊಳ್ಳುವುದು ಮುಖ್ಯ. ಗಾಬರಿಯಾದವರು ಮಾಸ್ಕನ್ನು ಕೆಳಕ್ಕೆ ಅದುಮುತ್ತಾರೆ, ತಲೆ ಮುಂದಕ್ಕೆ ಬಾಗಿ ಶ್ವಾಸನಾಳ ಮಡಿಸಿಕೊಳ್ಳುತ್ತದೆ. ಹೆಗಲ ಕೆಳಗೆ ಸುಮಾರು ಒಂದು ಅಂಗುಲ ದಪ್ಪ ಮಡಿಸಿದ ಬಟ್ಟೆ ಇಟ್ಟರೆ ತಲೆ ತಾನೇ ಸರಿಯಾಗುತ್ತದೆ. ತಲೆಯ ಕೆಳಗೆ ದಿಂಬಿನಂತೆ ಇಟ್ಟರೆ ಇದ್ದದ್ದೂ ಕೆಡುತ್ತದೆ.

ಲಯಕ್ಕೆ ಬಾಯಲ್ಲಿ ಹೇಳಿಕೊಳ್ಳಿ: ‘ಒತ್ತು, ಬಿಡು, ಬಿಡು’. ಈ ಲಯದಲ್ಲಿ ನಿಮಿಷಕ್ಕೆ 40ರಿಂದ 60 ಉಸಿರು ಕೂಡುತ್ತದೆ. ಗಾಬರಿಯಲ್ಲಿ ನೂರರ ಹತ್ತಿರ ಹೋಗುವವರಿಗೆ ಗಟ್ಟಿಯಾಗಿ ಹೇಳಿಕೊಳ್ಳುವುದೇ ಕಡಿವಾಣ. ಮೊದಲ ಐದು ಉಸಿರಿನಲ್ಲಿ ಕಣ್ಣು ಎದೆಯ ಮೇಲಿರಲಿ. ಎದೆ ಏಳದಿದ್ದರೆ ಮಾಸ್ಕ್ ಮತ್ತೆ ಕೂರಿಸಿ, ತಲೆ ಸರಿಮಾಡಿ. ಆಗಲೂ ಏಳದಿದ್ದರೆ ಬಾಯಿ ನೋಡಿ ಕೊಳೆ ತೆಗೆದು, ಬಾಯಿ ಸ್ವಲ್ಪ ತೆರೆದಿರುವಂತೆ ಮಾಸ್ಕ್ ಹಿಡಿಯಿರಿ. ಆಮೇಲೆ ಸ್ವಲ್ಪ ಜೋರಾಗಿ ಹಿಸುಕಿ. ಎದೆ ಏಳದೆ ಕೊಟ್ಟ ಇಪ್ಪತ್ತು ಉಸಿರೂ ಒಂದೇ, ಕೊಡದೆ ಇದ್ದದ್ದೂ ಒಂದೇ. ಎದೆ ಏಳತೊಡಗಿ ಅರ್ಧ ನಿಮಿಷವಾದ ಮೇಲೆ ಬಳ್ಳಿಯ ಬುಡದಲ್ಲಿ ಆರು ಸೆಕೆಂಡು ಮಿಡಿತ ಎಣಿಸಿ ಹತ್ತರಿಂದ ಗುಣಿಸಿ. ನೂರರ ಮೇಲಿದ್ದು ಮಗು ತಾನೇ ಉಸಿರಾಡುತ್ತಿದ್ದರೆ ನಿಲ್ಲಿಸಿ ತಾಯಿಯ ಎದೆಗೆ ಹಾಕಿ. ಇಲ್ಲದಿದ್ದರೆ ಮುಂದುವರಿಸಿ, ಅಷ್ಟರಲ್ಲಿ ಡಾಕ್ಟರಿಗೆ ಕರೆ ಹೋಗಿರಲಿ. ಅಭ್ಯಾಸದಲ್ಲಿ ಪ್ರತಿಸಲ ಮಗು ಬೇಗ ಅಳುವಂತೆ ಮಾಡಬೇಡಿ. ಒಂದೊಂದು ಸಲ ಮಾಸ್ಕನ್ನು ಬೇಕೆಂದೇ ಬಚ್ಚಿಡಿ, ಒಮ್ಮೆ 1ರ ಬದಲು ದೊಡ್ಡ ಮಾಸ್ಕ್ ಇಟ್ಟುನೋಡಿ. ಇನ್ನೊಂದು ಸಲ ಗೊಂಬೆ ಹುಟ್ಟಿದ ತಕ್ಷಣ ಅಳಲಿ: ಚೆನ್ನಾಗಿ ಅಳುವ ಮಗುವಿಗೆ ಏನೂ ಮಾಡದೆ ತಾಯಿಯ ಎದೆಯ ಮೇಲೆ ಹಾಕಿ, ಒಂದರಿಂದ ಮೂರು ನಿಮಿಷ ಬಿಟ್ಟು ಬಳ್ಳಿ ಕತ್ತರಿಸುವುದೂ ಕಲಿಯಬೇಕಾದ ಪಾಠ.

ಮುಗಿದ ಮೇಲೆ ಒಂದೇ ಸಂಖ್ಯೆ ಬರೆದಿಡಿ: ಹುಟ್ಟಿನಿಂದ ಎದೆ ಎದ್ದ ಮೊದಲ ಉಸಿರಿಗೆ ಎಷ್ಟು ಸೆಕೆಂಡು. ಯಾರ ಹೆಸರೂ ಬೇಡ. ತಪ್ಪು ಹೇಳುವಾಗ ಮೊದಲು ಮಾಡಿದವರೇ ಹೇಳಲಿ, ಆಮೇಲೆ ಜೊತೆಯವರು, ಕೊನೆಗೆ ನೀವು. ಎಲ್ಲರೆದುರು ಗದರಿಸಿದರೆ ಮುಂದಿನ ವಾರ ಯಾರೂ ಕೈ ಹಾಕುವುದಿಲ್ಲ, ಎಲ್ಲರಿಗೂ ಅದೇ ಹೊತ್ತಿಗೆ ಬೇರೆ ಕೆಲಸ ಬರುತ್ತದೆ.

ನಮ್ಮದೇ ನೆಲದಲ್ಲಿ ಆದದ್ದನ್ನೂ ಇಲ್ಲಿ ಹೇಳಬೇಕು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅದೇ ಹೆಲ್ಪಿಂಗ್ ಬೇಬೀಸ್ ಬ್ರೀದ್ ತರಬೇತಿಯನ್ನು 599 ಹೆರಿಗೆ ಸಹಾಯಕರಿಗೆ ಕೊಟ್ಟು ಅದರ ಫಲವನ್ನು ಅಳೆದರು. ನಿರ್ಜೀವ ಜನನ ಶೇ. 3ರಿಂದ 2.3ಕ್ಕೆ ಇಳಿಯಿತು. ಚರ್ಮ ಸುಲಿಯದ, ಅಂದರೆ ಹೆರಿಗೆಯ ಹೊತ್ತಿಗೇ ಜೀವ ಹೋಗಿದೆ ಎಂದು ಬರೆಯುವ ಮಕ್ಕಳ ಪ್ರಮಾಣ ಶೇ. 1.7ರಿಂದ 0.9ಕ್ಕೆ ಬಂತು. ನವಜಾತ ಶಿಶುಮರಣದ ದರ ಮಾತ್ರ ಅಲ್ಲಾಡಲಿಲ್ಲ. ಇದನ್ನು ಓದುವ ಬಗೆ ಹೀಗೆ: ಉಸಿರಿಲ್ಲದೆ, ಆದರೆ ಹೃದಯ ಮಿಡಿಯುತ್ತಲೇ ಹುಟ್ಟಿದ ಎಷ್ಟೋ ಮಕ್ಕಳನ್ನು ಸತ್ತೇ ಹುಟ್ಟಿವೆ ಎಂದು ಬರೆಯುವ ರೂಢಿ ಇದೆ. ಬ್ಯಾಗ್ ಹಿಡಿಯಲು ಬಂದಾಗ ಅಂಥವು ಉಳಿಯುತ್ತವೆ. ಕೆಲವು ಉಳಿದು ಎರಡು ದಿನದ ಮೇಲೆ ಹೋಗುತ್ತವೆ, ಆಗ ಅವು ಬೇರೆ ಕಾಲಮ್ಮಿಗೆ ಸೇರುತ್ತವೆ. ನಿಮ್ಮ ರಿಜಿಸ್ಟರಿನಲ್ಲಿ ಚರ್ಮ ಸುಲಿದ ಮತ್ತು ಸುಲಿಯದ ನಿರ್ಜೀವ ಜನನಗಳನ್ನು ಬೇರೆ ಬೇರೆ ಬರೆಯದಿದ್ದರೆ ನಿಮ್ಮ ಅಭ್ಯಾಸದಿಂದ ಏನಾಯಿತೆಂದು ತಿಳಿಯುವ ದಾರಿಯೇ ಇಲ್ಲ.

ಇನ್ನು ಬಾಣಂತಿಯ ರಕ್ತಸ್ರಾವ. ಇಲ್ಲಿ ಕೈಗಿಂತ ಮೊದಲು ಕಣ್ಣು ಮೋಸ ಹೋಗುತ್ತದೆ. ಬೆಳಗಾವಿ ಭಾಗದಲ್ಲಿಯೇ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಣಂತಿಯ ಕೆಳಗೆ ಅಳತೆಗೆರೆ ಇರುವ ಪ್ಲಾಸ್ಟಿಕ್ ಚೀಲದ ಹಾಸು ಇಟ್ಟು ರಕ್ತ ಅಳೆದರು. ಕಣ್ಣಂದಾಜು ಚೀಲದ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಇತ್ತು. ಕೀನ್ಯ, ನೈಜೀರಿಯ, ದಕ್ಷಿಣ ಆಫ್ರಿಕ, ಟಾಂಜಾನಿಯಗಳ 80 ಆಸ್ಪತ್ರೆಗಳನ್ನು ಸೇರಿಸಿಕೊಂಡು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗ ಇಂಥದ್ದೇ ಹಾಸನ್ನು ಚಿಕಿತ್ಸೆಯ ಜೊತೆ ಜೋಡಿಸಿತು. ಹಾಸು ಇದ್ದ ಕಡೆ ರಕ್ತಸ್ರಾವವನ್ನು ಶೇ. 93ರಷ್ಟು ಪತ್ತೆ ಹಚ್ಚಿದರೆ, ಎಂದಿನಂತೆ ನಡೆದ ಕಡೆ ಶೇ. 51. ಒಂದು ಲೀಟರ್ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು, ಎಲ್ಲ ಕೂಡಿಸಿದರೆ ಶೇ. 60ರಷ್ಟು ಕಡಿಮೆ.

ಇದಕ್ಕೆ ಅಭ್ಯಾಸ ಮಾಡಿಸಲು ದುಬಾರಿ ಸಲಕರಣೆ ಬೇಡ. ಅರಿಶಿನ ಸುಣ್ಣ ಕಲಸಿ ಆರತಿಗೆ ಮಾಡುವ ಹಾಗೆ ಓಕುಳಿ ನೀರು ಮಾಡಿಕೊಳ್ಳಿ. ಅಳತೆ ಜಗ್ಗಿನಲ್ಲಿ 500 ಮಿ.ಲೀ. ತೆಗೆದುಕೊಂಡು ಸ್ವಲ್ಪವನ್ನು ಎರಡು ಪ್ಯಾಡಿಗೆ, ಸ್ವಲ್ಪವನ್ನು ಹಾಸುಬಟ್ಟೆಗೆ, ಉಳಿದದ್ದನ್ನು ಟೇಬಲಿನ ಕೆಳಗಿನ ಬಕೆಟ್ಟಿಗೆ ಸುರಿದು ಎಷ್ಟಾಗಿರಬಹುದು ಎಂದು ಚೀಟಿಯಲ್ಲಿ ಬರೆಸಿ. ಹೆಚ್ಚಿನವರು ಕಡಿಮೆಯೇ ಬರೆಯುತ್ತಾರೆ. ಚೀಟಿಗಳನ್ನು ಬಿಚ್ಚಿ ಜಗ್ಗಿನ ಅಳತೆ ಹೇಳಿದ ಮೇಲೆ ಚೀಲದ ಹಾಸು ಯಾಕೆ ಎಂದು ವಿವರಿಸುವ ಅಗತ್ಯ ಬೀಳುವುದಿಲ್ಲ. 500 ಮಿ.ಲೀ. ಮುಟ್ಟಿದರೆ, ಅಥವಾ 300 ಮುಟ್ಟಿ ನಾಡಿ, ಬಿಪಿ, ಗರ್ಭಕೋಶದ ಗಟ್ಟಿತನ ಯಾವುದರಲ್ಲಾದರೂ ಏರುಪೇರು ಕಂಡರೆ ಚಿಕಿತ್ಸೆ ಶುರು. ನಮ್ಮಲ್ಲಿ ಹಿಮೋಗ್ಲೋಬಿನ್ 7, 8 ಇಟ್ಟುಕೊಂಡು ಹೆರಿಗೆಗೆ ಬರುವ ಹೆಣ್ಣುಮಕ್ಕಳೇ ಎಷ್ಟೋ. ಅಂಥವರಿಗೆ 300 ಎಂಬುದು ಸಣ್ಣ ಅಳತೆಯಲ್ಲ.

ಚಿಕಿತ್ಸೆಯಲ್ಲಿ ಆಗುವ ದೊಡ್ಡ ತಪ್ಪು ಒಂದಾದ ಮೇಲೊಂದು ಮಾಡಿ ಕಾಯುವುದು: ಗರ್ಭಕೋಶ ಉಜ್ಜಿ ನೋಡೋಣ, ನಿಲ್ಲದಿದ್ದರೆ ಡ್ರಿಪ್, ಅದಕ್ಕೂ ಬಗ್ಗದಿದ್ದರೆ ಬೇರೆ ಔಷಧಿ ಎಂದು. ಇ-ಮೋಟಿವ್ ಕಲಿಸುವುದು ಎಲ್ಲವನ್ನೂ ಒಟ್ಟಿಗೆ, 15 ನಿಮಿಷದೊಳಗೆ. ಅಭ್ಯಾಸದಲ್ಲಿ ಮೂವರಿಗೆ ಕೆಲಸ ಹಂಚಿ. ಒಬ್ಬರು ಗರ್ಭಕೋಶ ಉಜ್ಜುತ್ತ ಮೂತ್ರಕೋಶ ಖಾಲಿ ಮಾಡಿಸಿ, ಮಾಸು ಪೂರ್ತಿ ಬಂದಿದೆಯೆ, ಎಲ್ಲಿಯಾದರೂ ಹರಿದಿದೆಯೆ ನೋಡುವವರು. ಒಬ್ಬರು 16 ಅಥವಾ 18 ನಂಬರಿನ ಸೂಜಿ ಹಾಕಿ ಒಂದು ಲೀಟರ್ ರಿಂಗರ್ ಲ್ಯಾಕ್ಟೇಟಿನಲ್ಲಿ ಗರ್ಭಕೋಶ ಗಟ್ಟಿಯಾಗಿಸುವ ಆಕ್ಸಿಟೋಸಿನ್ 20 ಯೂನಿಟ್ ಬಿಡುವವರು, ಜೊತೆಗೆ ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ಅನ್ನು ಹತ್ತು ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡುವವರು. 500 ಮಿ.ಗ್ರಾಂ ಆಂಪೂಲಾದರೆ ಎರಡು ಬೇಕು, ಒಂದೇ ಒಡೆಯುವ ತಪ್ಪು ಬಹಳ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಅದರ ಪ್ರಯೋಜನ. ಮೂರನೆಯವರು ಹೊತ್ತು ಬರೆಯುವವರು, ಡಾಕ್ಟರಿಗೆ ಮತ್ತು 108ಕ್ಕೆ ಕರೆ ಮಾಡುವವರು. ಅಂದಹಾಗೆ ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ಬೇಸಿಗೆಯಿಡೀ ಹೆರಿಗೆ ಟ್ರೇಯಲ್ಲಿ ಕೂತ ಆಂಪೂಲಿನಿಂದ ಗರ್ಭಕೋಶ ಗಟ್ಟಿಯಾಗದಿದ್ದರೆ ತಪ್ಪು ಸಿಸ್ಟರ್ ಕೈಯದಲ್ಲ.

ಫಿಟ್ಸಿಗೆ ಬಂದರೆ, ಅದನ್ನು ತಡೆಯುವ ಔಷಧಿಯಾದ ಮ್ಯಾಗ್ನೀಷಿಯಮ್ ಸಲ್ಫೇಟಿನ ಅಭ್ಯಾಸ ಎಂದರೆ ಬಹುಪಾಲು ಆಂಪೂಲಿನ ಲೆಕ್ಕ. ನಮ್ಮಲ್ಲಿ ಬರುವುದು 50 ಶೇಕಡಾ ಸಾಂದ್ರತೆಯ 2 ಮಿ.ಲೀ. ಆಂಪೂಲು, ಒಂದರಲ್ಲಿ ಒಂದು ಗ್ರಾಂ. ಮೊದಲ ಪೂರ್ಣ ಡೋಸ್ 14 ಗ್ರಾಂ. ಅದರಲ್ಲಿ ನಾಲ್ಕು ಆಂಪೂಲಿನ 8 ಮಿ.ಲೀ.ಗೆ 12 ಮಿ.ಲೀ. ಡಿಸ್ಟಿಲ್ಡ್ ವಾಟರ್ ಸೇರಿಸಿ 20 ಮಿ.ಲೀ. ಮಾಡಿ, ಐದರಿಂದ ಹತ್ತು ನಿಮಿಷ ತೆಗೆದುಕೊಂಡು ರಕ್ತನಾಳಕ್ಕೆ. ಉಳಿದ ಹತ್ತರಲ್ಲಿ ಐದೈದು, ಎರಡೂ ಪೃಷ್ಠಗಳ ಸ್ನಾಯುವಿಗೆ ಆಳವಾಗಿ. ಡಾಕ್ಟರಿಲ್ಲದ ಉಪಕೇಂದ್ರದಲ್ಲಿ ಸ್ನಾಯುವಿನ 10 ಗ್ರಾಂ ಮಾತ್ರ ಕೊಟ್ಟು ಕಳಿಸುವುದು ನಮ್ಮ ಮಾರ್ಗಸೂಚಿ. ಹದಿನಾಲ್ಕು ಆಂಪೂಲು ಒಡೆದು ಎಳೆದುಕೊಳ್ಳಲು ಒಬ್ಬರಿಗೆ ಎಷ್ಟು ಹೊತ್ತು ಬೇಕೆಂದು ಒಮ್ಮೆ ಅವಧಿ ಮುಗಿದ ಆಂಪೂಲುಗಳಲ್ಲಿ ಮಾಡಿಸಿ ನೋಡಿ. ಇಬ್ಬರು ಬೇಕೆಂದು ಎಲ್ಲರೂ ಒಪ್ಪುತ್ತಾರೆ. 14 ಆಂಪೂಲು, ಸಿರಿಂಜು, ಸೂಜಿ, ಡಿಸ್ಟಿಲ್ಡ್ ವಾಟರ್, ಮಿಶ್ರಣದ ಚೀಟಿ, ಮ್ಯಾಗ್ನೀಷಿಯಮ್ ಅತಿಯಾಗಿ ವಿಷವೇರಿದರೆ ಕೊಡಲು 10 ಮಿ.ಲೀ. ಕ್ಯಾಲ್ಸಿಯಮ್ ಗ್ಲುಕೋನೇಟ್, ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಟ್ಟಿಡಿ. ಮುಂದಿನ ಡೋಸಿಗೆ ಮುಂಚೆ ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇಲ್ಲವಲ್ಲ, ಮೂತ್ರ ಗಂಟೆಗೆ 30 ಮಿ.ಲೀ. ಆದರೂ ಬರುತ್ತಿದೆಯಲ್ಲ, ಮೊಣಕಾಲಿನ ಪ್ರತಿಕ್ರಿಯೆ ಇದೆಯಲ್ಲ ಎಂದು ನೋಡುವುದೂ ಅಭ್ಯಾಸದ ಭಾಗ.

ಪರಿಶೀಲನಾ ಪಟ್ಟಿ ಹಚ್ಚಿದರೆ ಸಾಲದೆ ಎಂದು ನಿಮ್ಮ ಮೇಲಿನವರು ಕೇಳಬಹುದು. ಉತ್ತರಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಬೆಟರ್‌ಬರ್ತ್ ಪ್ರಯೋಗವನ್ನು ಅವರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಬಳಸಲು ಎಂಟು ತಿಂಗಳು ಕೋಚ್‌ಗಳು ಬಂದು ಕಲಿಸಿದರು. ಎರಡು ತಿಂಗಳಾದಾಗ ಸರಿಯಾದ ಕ್ರಮಗಳು ಶೇ. 73ರಷ್ಟು ನಡೆಯುತ್ತಿದ್ದವು, ಕೋಚ್ ಇಲ್ಲದ ಕಡೆ ಶೇ. 42. ಕೋಚ್‌ಗಳು ಹೋದ ಮೇಲೆ, ಹನ್ನೆರಡನೇ ತಿಂಗಳಲ್ಲಿ ಅದು ಶೇ. 62ಕ್ಕೆ ಇಳಿದಿತ್ತು. ತಾಯಿ ಮಗುವಿನ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಟ್ಟಿ ಕೆಟ್ಟದ್ದೆಂದು ಇದರ ಅರ್ಥವಲ್ಲ, ನಾನಂತೂ ಅದನ್ನು ಬಿಡಿ ಎನ್ನುವುದಿಲ್ಲ. ಬ್ಯಾಗ್ ಸಿದ್ಧವಿದೆಯೆ ಎಂದು ಪಟ್ಟಿ ಕೇಳಬಲ್ಲದು, ಎದೆ ಏಳುವಂತೆ ಅದನ್ನು ಹಿಡಿಯಲು ಕಲಿಸಲಾರದು. ಕಳಿಸಿದ ರೋಗಿಗೆ ಮುಂದಿನ ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೆಯೆ ಎಂಬುದೂ ಅದರ ಕೈಯಲ್ಲಿಲ್ಲ.

ಇದಕ್ಕಿಂತ ನಿಮಗೆ ಹತ್ತಿರದ ಮಾದರಿ ಸುಕ್ಷೇಮ ಯೋಜನೆಯದು. ಬಳ್ಳಾರಿ, ಕಲಬುರಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅರ್ಧಕ್ಕೆ ಎಂದಿನ ತರಬೇತಿ ಮಾತ್ರ, ಇನ್ನರ್ಧಕ್ಕೆ ಅದರ ಜೊತೆಗೆ ಕೇಂದ್ರಕ್ಕೇ ಬಂದು ಪಕ್ಕದಲ್ಲಿ ನಿಂತು ಕಲಿಸುವ ಅನುಭವಿ ಸಿಸ್ಟರ್. ಅಂಥವರು ಬಂದ ಕೇಂದ್ರಗಳಲ್ಲಿ ಸಿದ್ಧತೆಯೂ ಸಿಬ್ಬಂದಿಯ ತಿಳಿವಳಿಕೆಯೂ ಮೇಲಾಗಿದ್ದವು. ಅವರು ತಂದ ಒಂದು ಒಳ್ಳೆಯ ಉಪಾಯ ಕೇಸ್ ಶೀಟನ್ನೇ ಬದಲಿಸಿದ್ದು: ಬರೆಯುತ್ತ ಹೋದ ಹಾಗೆ ಮುಂದೇನು ಮಾಡಬೇಕೆಂದು ಅದೇ ಹಾಳೆ ಹೇಳುತ್ತಿತ್ತು. ಕಲಿಸುವವರು ಮೇಲಧಿಕಾರಿಯಲ್ಲ, ತಮ್ಮಂತೆಯೇ ಸಿಸ್ಟರ್ ಎಂಬುದು ಕೂಡ ಇಲ್ಲಿ ಮುಖ್ಯ. ಅಧಿಕಾರಿ ಬಂದರೆ ರಿಜಿಸ್ಟರ್ ತೋರಿಸುತ್ತಾರೆ, ಸಿಸ್ಟರ್ ಬಂದರೆ ತಿಳಿಯದ್ದನ್ನು ಕೇಳುತ್ತಾರೆ. ನಿಮ್ಮಲ್ಲಿ ಆ ಕೆಲಸ ನಿಮಗೇ ಬೀಳುತ್ತದೆ, ಜೊತೆಗೆ ಇನ್ನೊಬ್ಬರನ್ನು ಸಿದ್ಧಮಾಡಿಕೊಳ್ಳಿ. ನೀವು ವರ್ಗವಾದ ದಿನವೇ ಅಭ್ಯಾಸ ನಿಲ್ಲಬಾರದಲ್ಲ.

ತಿಂಗಳ ಕ್ರಮ ಹೀಗಿಡಬಹುದು: ಪ್ರತಿ ವಾರ ಪ್ರತಿ ಸಿಸ್ಟರ್ ಒಮ್ಮೆ ಬ್ಯಾಗ್ ಮಾಸ್ಕ್, ಐದು ನಿಮಿಷ. ತಿಂಗಳ ಎರಡನೇ ವಾರ ರಕ್ತಸ್ರಾವ, ನಾಲ್ಕನೇ ವಾರ ಫಿಟ್ಸ್, ತಲಾ 40 ನಿಮಿಷ, ಡಾಕ್ಟರ್, ಆಯಾ, ಡ್ರೈವರ್ ಸಮೇತ. ರಾತ್ರಿ ಪಾಳಿಯನ್ನು ಬಿಡಬೇಡಿ, ಜನ ಕಡಿಮೆ ಇರುವುದು ಆಗಲೇ. ಹೊಸದಾಗಿ ಬಂದ ಗುತ್ತಿಗೆ ಸಿಸ್ಟರ್ ಒಬ್ಬರೇ ಪಾಳಿ ನೋಡಿಕೊಳ್ಳುವ ಮುಂಚೆ, ಹುಟ್ಟಿದ 60 ಸೆಕೆಂಡಿನೊಳಗೆ ಗೊಂಬೆಯ ಎದೆ ಏಳುವಂತೆ ಸತತ ಮೂರು ಸಲ ಮಾಡಿ ತೋರಿಸಲಿ.

ಖರ್ಚಿಗೆ ಆರೋಗ್ಯ ರಕ್ಷಾ ಸಮಿತಿಯ ಹಣ ಸಾಕಾಗುತ್ತದೆ: ಸೆಕೆಂಡು ಮುಳ್ಳಿರುವ ದೊಡ್ಡ ಗೋಡೆ ಗಡಿಯಾರ, 0 ಮತ್ತು 1ರ ಹೆಚ್ಚುವರಿ ಮಾಸ್ಕುಗಳು, ಇನ್ನೊಂದು ಬ್ಯಾಗ್. ಇನ್ನೊಂದು ಬ್ಯಾಗ್ ಅಭ್ಯಾಸಕ್ಕೇ ಮೀಸಲು, ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಅಭ್ಯಾಸ’ ಎಂದು ಬರೆಯಿರಿ. ಮಗುವಿಗೆ ಬಳಸುವ ಬ್ಯಾಗನ್ನೇ ಗೊಂಬೆಗೂ ಬಳಸಿದರೆ ಹೆರಿಗೆಯ ಹೊತ್ತಿಗೆ ಅದು ಗೊಂಬೆಯ ಪಕ್ಕದಲ್ಲಿರುತ್ತದೆ, ಇಲ್ಲವೇ ತೊಳೆಯಲು ಬಿಚ್ಚಿಟ್ಟಿರುತ್ತದೆ.